ಇನ್ನೆರಡೇ ಸಾವಿರ

2023ರ ಅಧಿಕ ಶ್ರಾವಣದಲ್ಲಿ ನನಗೆ 60 ಸಾವಿರದ ಚೀಟಿ ಬಂತು. ಅಧಿಕ ಮಾಸದಲ್ಲಿ ಹೊಸ ವಸ್ತು ತರಬಾರದು, ತಂದರೆ ಖರ್ಚೂ ಅಧಿಕವಾಗುತ್ತದೆ ಎಂದು ಹೆಂಡತಿ ಹೇಳಿದಳು. ನಾನು ಗಣಿತದ ಮೇಷ್ಟ್ರು, ಇಂಥದ್ದನ್ನೆಲ್ಲ ನಂಬುವವನಲ್ಲ. ಆಮೇಲೆ ಆದದ್ದನ್ನು ನೋಡಿದರೆ ಆ ಒಂದು ಸಲ ನಂಬಬಹುದಿತ್ತು.

ಆ ದುಡ್ಡಿಗೆ ಅವಳ ಲೆಕ್ಕ ಹತ್ತು ಗ್ರಾಂ ಚಿನ್ನ. ಆಗ ಹೆಚ್ಚುಕಡಿಮೆ ಅಷ್ಟು ಬರುತ್ತಿತ್ತು. ನನ್ನ ಲೆಕ್ಕ ಒಂದು ಗೇಮಿಂಗ್ ಕಂಪ್ಯೂಟರು. ಆ ಹತ್ತು ಗ್ರಾಂ ಇವತ್ತಿಗೆ ಎಷ್ಟಾಗಿದೆ ಎಂಬ ಮಾತನ್ನು ನಮ್ಮ ಮನೆಗೆ ಬಂದವರು ದಯವಿಟ್ಟು ಎತ್ತಬಾರದು. ಕಾಫಿ ತಣ್ಣಗೆ ಬರುತ್ತದೆ.

ನೆಂಟರೆಲ್ಲ ಅದು ಮಗನಿಗೆ ಅಂದುಕೊಂಡರು. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುವ ಹುಡುಗ, ಬೇಕಾಗುತ್ತದೆ ಪಾಪ ಎಂದರು. ನಾನು ತಿದ್ದಲಿಲ್ಲ. ಮಗನಿಗೆ ಆಟದ ಹುಚ್ಚಿಲ್ಲ. ಹುಚ್ಚು ನನ್ನದು. ಬಿ.ಎಡ್. ಓದುವಾಗ ತುಮಕೂರಿನ ಬಿ.ಎಚ್. ರಸ್ತೆಯ ಸೈಬರ್ ಕೆಫೆಯೊಂದರಲ್ಲಿ ಗಂಟೆಗೆ 25 ರೂಪಾಯಿ ಕೊಟ್ಟು 'ರೋಡ್ ರ‍್ಯಾಶ್' ಆಡಿದವನು ನಾನು. ಬೈಕಿನಲ್ಲಿ ಹೋಗುತ್ತ ಹೋಗುತ್ತಲೇ ಪಕ್ಕದ ಬೈಕಿನವನಿಗೆ ಸರಪಳಿಯಲ್ಲಿ ಬಾರಿಸುವ ಆಟ. ಆಮೇಲೆ ಕೆಲಸ, ಮದುವೆ, ಸೈಟಿನ ಸಾಲ. ಇಪ್ಪತ್ತೆರಡು ವರ್ಷ ಯಾರಿಗೂ ಬಾರಿಸದೆ ಬದುಕಿದೆ. ಹೈಸ್ಕೂಲು ಮೇಷ್ಟ್ರಾದವನಿಗೆ ಅದು ಸುಲಭದ ಮಾತಲ್ಲ.

ಒಂದು ದಿನ ಅಕ್ಕನ ಮನೆಗೆ ಹೋದಾಗ ಅವಳ ಮಗ 'ರೆಡ್ ಡೆಡ್ ರಿಡೆಂಪ್ಷನ್ 2' ಆಡುತ್ತ ಕೂತಿದ್ದ. ಹಿಮದಲ್ಲಿ ಒಂದು ಕುದುರೆ ನಿಂತಿತ್ತು. ಅದು ಉಸಿರು ಬಿಟ್ಟರೆ ಮೂಗಿನಿಂದ ಹಬೆ ಬರುತ್ತಿತ್ತು. ಅಷ್ಟೇ, ನಾನು ಕೆಟ್ಟೆ.

ಮಗನಿಗೆ ಫೋನು ಮಾಡಿದೆ. ಅವನು ನನಗಿಂತ ಹಿರಿಯನ ದನಿಯಲ್ಲಿ, "ಬಜೆಟ್ ಎಷ್ಟಪ್ಪಾ?" ಎಂದ. ಹೇಳಿದೆ. "ಮೂರನೇ ಒಂದು ಭಾಗ ಗ್ರಾಫಿಕ್ಸ್ ಕಾರ್ಡಿಗೆ ತೆಗೆದಿಡು. ಮಿಕ್ಕಿದ್ದೆಲ್ಲ ಮಿಕ್ಕಿದ್ದರಲ್ಲಿ."

ಯಾಕೆ ಎಂಬುದು ಅರ್ಥವಾಗಲು ನನಗೆ ನಮ್ಮ ಜಿಲ್ಲೆಯ ಗುಬ್ಬಿ ವೀರಣ್ಣನವರ ನಾಟಕ ಕಂಪನಿಯೇ ಬೇಕಾಯಿತು. ವೀರಣ್ಣನವರು 'ಕುರುಕ್ಷೇತ್ರ' ನಾಟಕಕ್ಕೆ ನಿಜವಾದ ಆನೆಗಳನ್ನೇ ರಂಗದ ಮೇಲೆ ತಂದಿದ್ದರೆಂದು ನಮ್ಮ ತಾತ ಹೇಳುತ್ತಿದ್ದರು. ಈ ಕಂಪ್ಯೂಟರಿನ ಪೆಟ್ಟಿಗೆಯೊಳಗೂ ಒಂದು ನಾಟಕ ಕಂಪನಿಯಿದೆ. ಪ್ರೊಸೆಸರು ಅದರ ಮ್ಯಾನೇಜರು. ಯಾರು ಯಾವಾಗ ಬರಬೇಕು, ಕುದುರೆ ಎಲ್ಲಿ ನಿಂತಿದೆ, ಗುಂಡು ಯಾರಿಗೆ ತಾಗಿತು, ಎಲ್ಲ ಅವನ ತಲೆನೋವು. ಗ್ರಾಫಿಕ್ಸ್ ಕಾರ್ಡು ಪರದೆ ಬರೆಯುವವನು. ನಾಟಕದ ಪರದೆಯನ್ನು ದಿನಗಟ್ಟಲೆ ಕೂತು ಬರೆಯಬಹುದು. ಈ ಪುಣ್ಯಾತ್ಮ ಅಡ್ಡಕ್ಕೆ 1920, ಉದ್ದಕ್ಕೆ 1080, ಒಟ್ಟು 20,73,600 ಚುಕ್ಕಿಗಳ ಪರದೆಯನ್ನು ಸೆಕೆಂಡಿಗೆ 60 ಸಲ ಅಳಿಸಿ ಅಳಿಸಿ ಬರೆಯಬೇಕು. ಅದಕ್ಕೇ ಅವನಿಗೆ ಸಂಬಳ ಜಾಸ್ತಿ. ಮ್ಯಾನೇಜರು ಮಂದನಾದರೆ ಪರದೆಯವನು ಕುಂಚ ಹಿಡಿದು ಸುಮ್ಮನೆ ಕೂರುತ್ತಾನೆ. ಪರದೆಯವನು ಮಂದನಾದರೆ ಮ್ಯಾನೇಜರು ಹೊರಗೆ ಹೋಗಿ ಬೀಡಿ ಹಚ್ಚುತ್ತಾನೆ. ಇದಕ್ಕೆ 'ಬಾಟಲ್‌ನೆಕ್' ಅಂತಾರೆ ಎಂದ ಮಗ. ನಮ್ಮ ಸ್ಟಾಫ್ ರೂಮಿನಲ್ಲಿ ಇದಕ್ಕೆ ಬೇರೆ ಹೆಸರಿದೆ.

ಹೆಸರುಗಳದ್ದೇ ಒಂದು ಗೋಳು. ಎಎಂಡಿಯವರ ರೈಜನ್ 5 5600 ಒಂದು, 5600ಎಕ್ಸ್ ಇನ್ನೊಂದು, 5600ಜಿ ಮತ್ತೊಂದು. ನಮ್ಮ ಹಾಜರಿ ಪುಸ್ತಕದಲ್ಲಿ ಮಂಜುನಾಥ ಎ., ಮಂಜುನಾಥ ಬಿ., ಮಂಜುನಾಥ ಎಸ್. ಇದ್ದ ಹಾಗೆ. ಜಿ ಅಂದರೆ ಗ್ರಾಫಿಕ್ಸು ಒಳಗೇ ಇದೆ. ಎಕ್ಸ್ ಅಂದರೆ ಸ್ವಲ್ಪ ಚುರುಕು. ಏನೂ ಇಲ್ಲದಿದ್ದರೆ ಹುಡುಗ ಒಳ್ಳೆಯವನು, ಆದರೆ ಚಿತ್ರ ಬರೆಯಲು ಬರುವುದಿಲ್ಲ. ಇಂಟೆಲ್‌ನವರು ಚಿತ್ರ ಬಾರದವರಿಗೆ ಎಫ್ ಎಂದು ಬರೆಯುತ್ತಾರೆ. ಎಫ್ ಎಂದರೆ ಫೇಲ್ ಇರಬೇಕೆಂದು ಬಹಳ ದಿನ ಆ ಕಡೆ ತಲೆ ಹಾಕಲಿಲ್ಲ.

ಅಪಾಯ ಇದ್ದದ್ದು ಹೆಸರಿನಲ್ಲಲ್ಲ, ಮೆಟ್ಟಿಲಿನಲ್ಲಿ. 5500 ಸಾಕು ಎಂದು ಶುರು ಮಾಡಿದೆ. ಇನ್ನೆರಡೇ ಸಾವಿರ ಹಾಕಿದರೆ 5600 ಸಿಗುತ್ತದೆ. ಅದರ ಮೇಲೆ ಎರಡೆರಡು ಸಾವಿರ ಹಾಕುತ್ತ ಹೋದರೆ ಎಂಟು ಕೋರಿನ 5700ಎಕ್ಸ್. ಇಷ್ಟು ಕೊಟ್ಟ ಮೇಲೆ ಹಳೆಯ ಎಎಂ4 ಸಾಕೆಟ್ಟಿನಲ್ಲಿ ಯಾಕೆ ಕೊಳೆಯಬೇಕು, ಎಎಂ5ಗೇ ಹೋಗೋಣ ಎಂದರೆ ಬೋರ್ಡೂ ಹೊಸದು ಬೇಕು, ರ‍್ಯಾಮೂ ಡಿಡಿಆರ್5 ಬೇಕು. ರಾತ್ರಿ ಒಂದು ಗಂಟೆಗೆ ಕೂಡಿ ನೋಡಿದರೆ 1,12,000. ಯಾವ ಮೆಟ್ಟಿಲಿನಲ್ಲೂ ನಾನು ದುಂದು ಮಾಡಿರಲಿಲ್ಲ. ಹತ್ತನೇ ತರಗತಿಗೆ ಸಮಾಂತರ ಶ್ರೇಢಿ ಕಲಿಸುವವನು ನಾನೇ. ಸಾಮಾನ್ಯ ವ್ಯತ್ಯಾಸ ಚಿಕ್ಕದೆಂದು ಮೈಮರೆತರೆ ಕೊನೆಯ ಪದ ಎಲ್ಲಿಗೆ ಹೋಗುತ್ತದೆಂದು ವರ್ಷವರ್ಷವೂ ಬೋರ್ಡಿನ ಮೇಲೆ ಬರೆದು ತೋರಿಸಿದವನೂ ನಾನೇ. ಆ ವರ್ಷದ ಮೇ ತಿಂಗಳಲ್ಲಷ್ಟೇ ರಿಸರ್ವ್ ಬ್ಯಾಂಕು 2,000ದ ನೋಟನ್ನು ಚಲಾವಣೆಯಿಂದ ಹಿಂತೆಗೆಯುವುದಾಗಿ ಪ್ರಕಟಿಸಿತ್ತು. ನನ್ನ ತಲೆಯೊಳಗೆ ಮಾತ್ರ ಅದು ಧಾರಾಳವಾಗಿ ಓಡಾಡುತ್ತಿತ್ತು.

ಮಗ ಬೈದು ಕೆಳಗಿಳಿಸಿದ. 5600, ಬಿ450 ಬೋರ್ಡು, ಎಎಂಡಿಯದೇ ಆರ್‌ಎಕ್ಸ್ 6600 ಕಾರ್ಡು. ರ‍್ಯಾಮು 16 ಜಿಬಿ, ಆದರೆ ಒಂದೇ ಕಡ್ಡಿಯಲ್ಲ, ಎಂಟೆಂಟರದು ಎರಡು. ಜೋಡೆತ್ತಿನ ಗಾಡಿಯಂತೆ ಎರಡಿದ್ದರೇ ಓಟವಂತೆ. ಅದಕ್ಕೆ ಆಗ ನಾನು ಕೊಟ್ಟದ್ದು 3,500. ಎಐ ಕಂಪನಿಗಳು ಮೆಮೊರಿಯನ್ನೆಲ್ಲ ಬಾಚಿಕೊಂಡದ್ದರಿಂದ 2025ರ ಕೊನೆಯ ಹೊತ್ತಿಗೆ ರ‍್ಯಾಮಿನ ಬೆಲೆ ಕೈಗೆ ಸಿಗದಂತೆ ಏರಿತು. "ನೋಡು, ಚಿನ್ನದ ಹಾಗೆ ಇದೂ ಏರಿದೆ" ಎಂದು ಹೆಂಡತಿಗೆ ಹೆಮ್ಮೆಯಿಂದ ಹೇಳಿದೆ. "ಹಾಗಾದ್ರೆ ಮಾರಿ" ಎಂದಳು.

ಕೊಳ್ಳಲು ಬೆಂಗಳೂರಿನ ಎಸ್.ಪಿ. ರಸ್ತೆಗೇ ಹೋಗಬೇಕೆಂದು ನಿಶ್ಚಯಿಸಿ ಭಾನುವಾರ ಹೋದೆ. ಬೀದಿಗೆ ಬೀದಿಯೇ ಷಟರ್ ಎಳೆದುಕೊಂಡು ಮಲಗಿತ್ತು. ಮುಂದಿನ ವಾರ ಸಿ.ಎಲ್. ಹಾಕಿ ಮತ್ತೆ ಹೊರಟೆ. ಮೆಜೆಸ್ಟಿಕ್ಕಿನಿಂದ ಮೆಟ್ರೋದಲ್ಲಿ ಒಂದೇ ನಿಲ್ದಾಣ, ಚಿಕ್ಕಪೇಟೆ. ಅಲ್ಲಿಂದ ನಡೆದು ಎಸ್.ಪಿ. ರಸ್ತೆಗೆ ಕಾಲಿಟ್ಟರೆ, "ಏನ್ ಬೇಕು ಸಾರ್, ಲ್ಯಾಪ್‌ಟಾಪಾ, ಸಿಸಿಟಿವಿಯಾ, ಪ್ರಿಂಟರಾ?" ಎಂದು ಎರಡೂ ಕಡೆಯಿಂದ ಕೂಗು. ಬಸ್‌ಸ್ಟ್ಯಾಂಡಿನಲ್ಲಿ ಊರ ಹೆಸರು ಕೂಗುವವರ ಮಧ್ಯೆ ನಿಂತ ಹಾಗಾಯಿತು. ಎಲ್ಲಿಗೆ ಹೋಗಬೇಕಿತ್ತೆಂಬುದೇ ಮರೆತುಹೋಯಿತು.

ಮೊದಲ ಅಂಗಡಿಯವನು ನನ್ನ ಪಟ್ಟಿ ನೋಡಿ, "ಸೆಕೆಂಡ್ಸಲ್ಲಿ ದೊಡ್ಡ ಕಾರ್ಡೇ ಇದೆ ಸಾರ್, ಅರ್ಧ ರೇಟು, ಆರೇ ತಿಂಗಳು ಯೂಸ್ ಆಗಿರೋದು" ಎಂದ. ನಮ್ಮೂರಲ್ಲಿ ಹಳೇ ಕಾರು ಮಾರುವವರೆಲ್ಲ ಅದನ್ನು ಡಾಕ್ಟರೇ ಓಡಿಸುತ್ತಿದ್ದರು ಅನ್ನುತ್ತಾರಲ್ಲ, ಅದೇ ದನಿ. 2022ರ ಸೆಪ್ಟೆಂಬರ್‌ನಲ್ಲಿ ಈಥೀರಿಯಮ್ ಎಂಬ ಡಿಜಿಟಲ್ ನಾಣ್ಯದವರು ಗ್ರಾಫಿಕ್ಸ್ ಕಾರ್ಡುಗಳಿಂದ ನಡೆಯುತ್ತಿದ್ದ ಗಣಿಗಾರಿಕೆಯ ಪದ್ಧತಿಯನ್ನೇ ಕೈಬಿಟ್ಟರು. ಅಲ್ಲಿಯತನಕ ಹಗಲೂ ರಾತ್ರಿ ದುಡಿದ ಕಾರ್ಡುಗಳೆಲ್ಲ ಸ್ವಯಂನಿವೃತ್ತಿ ತೆಗೆದುಕೊಂಡು ಮಾರುಕಟ್ಟೆಗೆ ಬಂದಿದ್ದವು. ಮೂಸಿ ನೋಡಿದೆ. ಸುಟ್ಟ ವಾಸನೆ ಇರಲಿಲ್ಲ, ಆದರೆ ಫ್ಯಾನಿನ ರೆಕ್ಕೆಗಳು ಸವೆದ ಚಪ್ಪಲಿಯಂತಿದ್ದವು. ಕೈಮುಗಿದು ಬಂದೆ.

ಎರಡನೆಯ ಅಂಗಡಿಯಲ್ಲಿ ಎಲ್ಲ ಕುದುರಿತು, ಎಸ್‌ಎಂಪಿಎಸ್ ಒಂದನ್ನು ಬಿಟ್ಟು. ಕರೆಂಟು ಹಂಚುವ ಪೆಟ್ಟಿಗೆ ಅದು. ಯಾರ ಕಣ್ಣಿಗೂ ಬೀಳುವುದಿಲ್ಲ, ಒಂದು ಫ್ರೇಮನ್ನೂ ಹೆಚ್ಚಿಸುವುದಿಲ್ಲ. ಹಾಗಾಗಿ ಉಳಿತಾಯದ ಬುದ್ಧಿ ಮೊದಲು ಹಾಯುವುದೇ ಅದರ ಮೇಲೆ. ಅಂಗಡಿಯವನು, "ಕ್ಯಾಬಿನೆಟ್ ಜೊತೆ 750 ವಾಟ್‌ದು ಫ್ರೀ ಕೊಡ್ತೀನಿ ಸಾರ್" ಎಂದ. ಫ್ರೀ ಎಂದರೆ ನನ್ನ ಕಿವಿ ತಾನಾಗಿ ನಿಮಿರುತ್ತದೆ. ನಾನು ಕೊಳ್ಳಬೇಕೆಂದಿದ್ದದ್ದು 550 ವಾಟ್, 80 ಪ್ಲಸ್ ಬ್ರಾಂಜ್, 4,000 ರೂಪಾಯಿ. ಎರಡನ್ನೂ ಎರಡು ಕೈಯಲ್ಲಿ ಹಿಡಿದು, ತೆಂಗಿನಕಾಯಿ ನೋಡುವ ಹಾಗೆ ತೂಗಿದೆ. 550ರದು ಕೈ ಜಗ್ಗಿತು. 750ರದು ಒಳಗೆ ನೀರೂ ಇಲ್ಲ, ಕಾಯಿಯೂ ಇಲ್ಲ ಎನ್ನುವಷ್ಟು ಹಗುರ. ಮಗನಿಗೆ ಫೋನು ಹಚ್ಚಿದೆ. "ಅಪ್ಪಾ, ಕಾರ್ಡು ತಿನ್ನೋದು 132 ವಾಟ್, ಪ್ರೊಸೆಸರು 65. ನಮ್ಮನೆ ಮಿಕ್ಸಿ ಇದಕ್ಕಿಂತ ಜಾಸ್ತಿ ತಿನ್ನುತ್ತೆ. 750 ಯಾಕೆ ಬೇಕು? ಆ ಫ್ರೀದು ಹೋದ್ರೆ ಒಂದೇ ಹೋಗಲ್ಲ, ಜೊತೆಗಿರೋರನ್ನೆಲ್ಲ ಕರ್ಕೊಂಡು ಹೋಗುತ್ತೆ." ಫ್ರೀ ಸಿಕ್ಕಿದ್ದನ್ನು ನಾನು ಬೇಡವೆಂದದ್ದು ಅದೇ ಮೊದಲು. ಮನಸ್ಸಿಗೆ ಇವತ್ತೂ ಚುಚ್ಚುತ್ತದೆ.

ಬಿಲ್ಲು ಬೇಕೋ ಬೇಡವೋ ಎಂಬ ಪ್ರಶ್ನೆಯೂ ಬಂತು. ಬೇಡವೆಂದರೆ 18 ಪರ್ಸೆಂಟ್ ಜಿಎಸ್‌ಟಿ ಉಳಿಯುತ್ತದೆ, ವಾರಂಟಿ ಹಾರುತ್ತದೆ. ಬಿಲ್ಲು ತೆಗೆದುಕೊಂಡೆ. ಪ್ರಾಮಾಣಿಕತೆ ನನ್ನನ್ನು ಮುಂದೆ ಹೇಗೆ ಮುಳುಗಿಸಿತೆಂಬುದನ್ನು ಹೇಳುತ್ತೇನೆ.

ಕ್ಯಾಬಿನೆಟ್ಟು ಮಾತ್ರ ಹೆಂಡತಿಯ ಆಯ್ಕೆ. ವಿಡಿಯೋ ಕರೆಯಲ್ಲಿ ತೋರಿಸಿದೆ. ಗಾಜಿನ ಬಾಗಿಲು, ಒಳಗೆ ಬಣ್ಣಬಣ್ಣದ ದೀಪ. ಆ ದೀಪದಿಂದ ಆಟಕ್ಕೆ ಮೂರು ಕಾಸಿನ ಪ್ರಯೋಜನವಿಲ್ಲ, 1,500 ಹೆಚ್ಚು ಎಂದೆ. "ನವರಾತ್ರಿಗೆ ಗೊಂಬೆ ಪಕ್ಕ ಚೆನ್ನಾಗಿ ಕಾಣುತ್ತೆ, ತಗೊಳ್ಳಿ" ಎಂದಳು. ಇಡೀ ಪಟ್ಟಿಯಲ್ಲಿ ಉಪಯೋಗವನ್ನು ಮೊದಲೇ ಖಚಿತವಾಗಿ ತಿಳಿದು ಕೊಂಡದ್ದು ಅದೊಂದೇ.

ಇಷ್ಟೆಲ್ಲ ಆಗಿ 58 ಸಾವಿರ. ಗೆದ್ದೆನೆಂದು ಬೀಗುವಷ್ಟರಲ್ಲಿ ಅಂಗಡಿಯವನು, "ಮಾನಿಟರ್ ಇದೆಯಾ ಸಾರ್ ಮನೇಲಿ?" ಎಂದ.

ಅಷ್ಟು ದಿನ ಪಟ್ಟಿ ಮಾಡಿದವನಿಗೆ ನೋಡಲು ಒಂದು ಪರದೆ ಬೇಕೆಂಬುದು ಹೊಳೆದಿರಲಿಲ್ಲ. 75 ಹರ್ಟ್ಸ್‌ನದು 9,000. ಪಕ್ಕದಲ್ಲೇ 165 ಹರ್ಟ್ಸ್‌ನದು 11,000. ಸೆಕೆಂಡಿಗೆ 165 ಸಲ ಪರದೆ ಏರಿಸಿ ಇಳಿಸುತ್ತದಂತೆ. 75 ಸಾಕು ಎಂದು ಮಗ ಎಷ್ಟು ಹೇಳಿದರೂ ನಾನು ಕೇಳಲಿಲ್ಲ. ಇನ್ನೆರಡೇ ಸಾವಿರ! ಕೀಬೋರ್ಡು ಮೌಸು ಸೇರಿ 70,500ಕ್ಕೆ ನಿಂತಿತು. ಹೆಂಡತಿಗೆ 62 ಎಂದು ಹೇಳಿದೆ.

ಜೋಡಿಸುವ ಕೂಲಿ ಉಳಿಸಲು ಊಟದ ಮೇಜಿನ ಮೇಲೆ ನಾನೇ ಜೋಡಿಸಿದೆ. ಪ್ರೊಸೆಸರಿನ ಅಡಿಯಲ್ಲಿ 1331 ಚಿನ್ನದ ಬಣ್ಣದ ಸೂಜಿಗಳು. ಹನ್ನೊಂದರ ಘನ! ಎಂಥ ಅಚ್ಚುಕಟ್ಟು ಸಂಖ್ಯೆ ಎಂದು ಐದು ನಿಮಿಷ ಕೈಯಲ್ಲೇ ಹಿಡಿದು ನೋಡಿದೆ. ಒಂದು ಸೂಜಿ ಬಾಗಿದರೂ 12 ಸಾವಿರ ಮಣ್ಣು. ಉಳಿದದ್ದು ಸಲೀಸಾಯಿತು, ಕೊನೆಗೊಂದು ಸ್ಕ್ರೂ ಉಳಿಯಿತು. ಗುಂಡಿ ಒತ್ತಿದರೆ ಫ್ಯಾನು ತಿರುಗಿತು, ದೀಪ ಏಳು ಬಣ್ಣದಲ್ಲಿ ಕುಣಿಯಿತು, ಪರದೆ ಮಾತ್ರ ಅಮಾವಾಸ್ಯೆ. ಮೂರು ಗಂಟೆ ಬಿಚ್ಚಿ ಜೋಡಿಸಿ, ಉಳಿದ ಸ್ಕ್ರೂವನ್ನು ಶಂಕಿಸಿ, ಅಂಗಡಿಯವನನ್ನು ಶಪಿಸಿ, ಕಡೆಗೆ ಹುಬ್ಬಳ್ಳಿಗೆ ಕರೆ ಹಚ್ಚಿದೆ. "ಕೇಬಲ್ ಎಲ್ಲಿಗೆ ಚುಚ್ಚಿದೀಯಾ?" ಎಂದ. ಬೋರ್ಡಿಗೆ. ಚಿತ್ರ ಬಾರದ ಹುಡುಗನನ್ನು ನಿಲ್ಲಿಸಿ ಚಿತ್ರ ಬರಿ ಎಂದು ಮೂರು ಗಂಟೆ ಪೀಡಿಸಿದ್ದೆ. ಕಾರ್ಡಿಗೆ ಚುಚ್ಚಿದೊಡನೆ ಬೆಳಕಾಯಿತು.

150 ಜಿಬಿಯ ಆಟ ಇಳಿಯಲು ಎರಡು ದಿನ ಹಿಡಿಯಿತು. ಆಮೇಲಿನ ಎರಡು ತಿಂಗಳು ನಾನು ಅಮೆರಿಕದ ಕಾಡಿನಲ್ಲಿದ್ದೆ. ಗುಂಡು ಹಾರಿಸಿದ್ದು ಕಡಿಮೆ. ಮೀನು ಹಿಡಿದೆ, ಕುದುರೆಗೆ ಮೇವು ಹಾಕಿದೆ, ಮೈ ಉಜ್ಜಿದೆ. "ಏನ್ ಮಾಡ್ತಿದ್ದೀರಿ?" ಎಂದು ಅಡುಗೆಮನೆಯಿಂದ ಕೇಳಿದರೆ, "ಕುದುರೆ ಮೈ ತಿಕ್ತಿದ್ದೀನಿ" ಎನ್ನುತ್ತಿದ್ದೆ. ಮನೆಯ ಸ್ಕೂಟರು ಧೂಳು ಮುಚ್ಚಿಕೊಂಡು ಹೊರಗೆ ನಿಂತಿತ್ತು. ಮನೆಗೆ ಬಂದವರನ್ನೆಲ್ಲ ಕೂರಿಸಿ, "ನೋಡಿ, 165 ಹರ್ಟ್ಸ್. ಬೆಣ್ಣೆ ಇದ್ದ ಹಾಗಿದೆ. ನಮ್ಮ ಸ್ಕೂಲಿನ ಕಂಪ್ಯೂಟರು ನೋಡಿದ ಕಣ್ಣಿಗೆ ಇದು ತಡವರಿಸೋದೇ ಇಲ್ಲ" ಎನ್ನುತ್ತಿದ್ದೆ. ಎಲ್ಲರೂ ಹೌದೆನ್ನುತ್ತಿದ್ದರು.

ಆಯುಧಪೂಜೆಗೆ ಮಗ ಬಂದ. ಪಟ್ಟದ ಗೊಂಬೆಗಳ ಪಕ್ಕದಲ್ಲಿ ಕ್ಯಾಬಿನೆಟ್ಟು ಕುಂಕುಮ ಹಚ್ಚಿಸಿಕೊಂಡು ಝಗಮಗಿಸುತ್ತಿತ್ತು. ಗೊಂಬೆ ಇಡಲು ಅಟ್ಟದಿಂದ ಡಬ್ಬ ಇಳಿಸುವಾಗ ಅದರ ಖಾಲಿ ರಟ್ಟಿನ ಪೆಟ್ಟಿಗೆಯೂ ಇಳಿದಿತ್ತು, ಪೆಟ್ಟಿಗೆಯೊಳಗಿನ ಬಿಲ್ಲೂ ಇಳಿದಿತ್ತು. ಹೆಂಡತಿ ಅದನ್ನು ಓದಿ, ಮಡಿಸಿ, ಇನ್ನೂ ಏನೂ ಹೇಳದೆ ಇಟ್ಟುಕೊಂಡಿದ್ದಳು. ಮಗ ಕೂತವನೇ ಯಾವುದೋ ಸೆಟ್ಟಿಂಗ್ ತೆರೆದು, ನನ್ನ ಕಡೆ ತಿರುಗಿ, "ಅಪ್ಪಾ, ಇದು 60ರಲ್ಲೇ ಓಡ್ತಿದೆಯಲ್ಲೋ" ಎಂದ. 165 ಸಲ ಪರದೆ ಎತ್ತಬಲ್ಲವನನ್ನು ಎರಡು ತಿಂಗಳು 60ಕ್ಕೇ ನಿಲ್ಲಿಸಿದ್ದೆ. ಎತ್ತು ಎಂದು ಹೇಳಬೇಕಾದವನು ನಾನೇ ಎಂದು ಯಾರಿಗೆ ಗೊತ್ತಿತ್ತು?

ಅವನು ಬದಲಾಯಿಸಿದ. "ಈಗ ನೋಡು. ಈ ಆಟದಲ್ಲಿ ನಿನ್ನ ಕಾರ್ಡು ಬರೆಯೋದೇ ಎಪ್ಪತ್ತು ಚಿಲ್ಲರೆ. ಆದ್ರೂ ನೋಡು."

ನೋಡಿದೆ. ಕುದುರೆ ಓಡಿತು. ನಿನ್ನೆಯೂ ಹಾಗೇ ಓಡಿತ್ತು. "ಅಬ್ಬಾ!" ಎಂದೆ.

ಹೆಂಡತಿ ಕೈಯೊರೆಸಿಕೊಳ್ಳುತ್ತ ಬಂದು, ಬಿಲ್ಲಿನ ಮಡಿಕೆ ಬಿಚ್ಚಿ, ಕನ್ನಡಕ ಏರಿಸಿ, ಪರದೆಗೆ ಮುಖವಿಟ್ಟು ಬಗ್ಗಿ ನೋಡಿದಳು. "ಆ ಇನ್ನೆರಡು ಸಾವಿರ ಇದರಲ್ಲಿ ಎಲ್ಲಿದೆ, ಸ್ವಲ್ಪ ತೋರ್ಸಿ."

ನಾನು ಕುದುರೆಯ ಬಾಲದ ಕಡೆ ಬೆರಳು ತೋರಿಸಿದೆ.