ಘರ್ಜನೆಯ ಗೋತ್ರವಿಚಾರ

ಡೆತ್ ಮೆಟಲ್ ಮತ್ತು ಮೆಟಲ್‌ಕೋರ್ ಬೆರೆತು ಹುಟ್ಟಿದ ಸಂಗೀತ ಡೆತ್‌ಕೋರ್. ಇದರ ಒಂದು ಬ್ಯಾಂಡ್ ಹಿಡಿಸಿತೆಂದರೆ ಕೇಳುಗನಿಗೆ ಏಳುವ ಮುಂದಿನ ಪ್ರಶ್ನೆ: ಇಂಥದ್ದೇ ಇನ್ನೊಂದು ಯಾವುದಿದೆ? ಪಕ್ಕದ ಕೋಣೆಯವರಿಗೆ ಎಲ್ಲ ಬ್ಯಾಂಡ್‌ಗಳೂ ಒಂದೇ, ಹಾಗಾಗಿ ಪ್ರಶ್ನೆಯೇ ಏಳದು. ಅಭಿಮಾನಿಗೆ ಯಾವ ಎರಡೂ ಒಂದೇ ಅಲ್ಲ, ಹಾಗಾಗಿ ಉತ್ತರ ಸುಲಭಕ್ಕೆ ಸಿಗದು. ಒಟ್ಟಿನಲ್ಲಿ ಇದು ಗಂಡುಹೆಣ್ಣಿನ ಕಡೆಯವರು ಕುಲಗೋತ್ರ ವಿಚಾರಿಸಿದಷ್ಟೇ ಗಂಭೀರ ವ್ಯವಹಾರ.

ಹೆಸರು ನೋಡಿ ಹೊರಟವರಿಗೆ ದಾರಿ ತಪ್ಪುತ್ತದೆ. ಸುಯಿಸೈಡ್ ಸೈಲೆನ್ಸ್, ದೈ ಆರ್ಟ್ ಈಸ್ ಮರ್ಡರ್ ಎಂಬ ಹೆಸರುಗಳು ಮುಚ್ಚುಮರೆ ಇಲ್ಲದವು. ಆದರೆ ಲೋರ್ನಾ ಶೋರ್ ಎಂಬುದು ಬ್ಯಾಟ್‌ಮ್ಯಾನ್ ಕಾಮಿಕ್ಸ್‌ನ ಒಬ್ಬಾಕೆಯ ಹೆಸರು. ಸೌಮ್ಯವಾದುದೇನೋ ಕೇಳಿಸೀತೆಂದು ಕೂತವರ ಗತಿ ಹೇಳತೀರದು. ಲೋಗೊ ಇನ್ನೂ ಕಷ್ಟ: ಓದಲು ಬಂದರೆ ಅದರ ಗೌರವ ಕಡಿಮೆ.

ನಂಬಬಹುದಾದ ಮೊದಲ ಗುರುತು ಬ್ರೇಕ್‌ಡೌನ್. ಡ್ರಮ್ಮಿನ ಬ್ಲಾಸ್ಟ್ ಬೀಟ್‌ನಲ್ಲಿ ಓಡುತ್ತಿದ್ದ ಹಾಡು ತಟ್ಟನೆ ವೇಗ ಕಳೆದುಕೊಂಡು, ಕೆಳಗಿನ ಶ್ರುತಿಗೆ ಇಳಿಸಿದ ಗಿಟಾರ್ ಮತ್ತು ಬಾಸ್ ಡ್ರಮ್ ಒಟ್ಟೊಟ್ಟಿಗೆ ಬಡಿಯುವ ಜಾಗ ಅದು. ಅಷ್ಟೇ ಬೇಕೆನ್ನುವವರಿಗೆ 2007ರಲ್ಲಿ ಬಂದ ಸುಯಿಸೈಡ್ ಸೈಲೆನ್ಸ್‌ನ 'ದ ಕ್ಲೆನ್ಸಿಂಗ್' ಆದಮೇಲೆ 2008ರ ವೈಟ್‌ಚಾಪೆಲ್‌ನ 'ದಿಸ್ ಈಸ್ ಎಕ್ಸೈಲ್' ಸರಿಹೋಗುತ್ತದೆ. ವಾದ್ಯವೃಂದದ ಮೆರುಗೂ ಬೇಕಾದರೆ ಲೋರ್ನಾ ಶೋರ್ 2021ರಲ್ಲಿ ತಂದ 'ಟು ದ ಹೆಲ್‌ಫೈರ್' ಇದೆ. ಇದರ ಗಾಯಕ ವಿಲ್ ರಾಮೋಸ್ ಅಬ್ಬರಿಸುವಾಗ ಗಂಟಲೊಳಗೆ ಕ್ಯಾಮೆರಾ ಇಳಿಸಿ ಪರೀಕ್ಷಿಸಿದ್ದೂ ಆಗಿದೆ. ಇಂಥ ಅಬ್ಬರದಲ್ಲಿ ನಿಜವಾದ ಧ್ವನಿತಂತುಗಳಿಗಿಂತ ಮೇಲಿರುವ ಮಡಿಕೆಗಳ ಪಾಲು ದೊಡ್ಡದು. ಮನೆಮಂದಿಯ ಅನುಮಾನ ಬೇರೆ ಅಂಗಗಳ ಮೇಲಿರುತ್ತದೆ.

ಎರಡನೆಯ ದಾರಿ ಪೂರ್ವಜರದು. ನ್ಯೂಯಾರ್ಕ್‌ನ ಸಫೊಕೇಶನ್ 1991ರ 'ಎಫಿಜಿ ಆಫ್ ದ ಫರ್ಗಾಟನ್' ಆಲ್ಬಮ್ಮಿನಲ್ಲೇ ಬ್ರೇಕ್‌ಡೌನ್‌ನಂಥ ಭಾರದ ಬಡಿತಗಳನ್ನಿಟ್ಟಿತ್ತು. ಮೂಲ ಹಿಡಿದವನಿಗೆ ಒಂದು ಲಾಭವುಂಟು: ಇನ್ನುಮುಂದೆ ಹೊಸ ಬ್ಯಾಂಡ್‌ಗಳನ್ನೆಲ್ಲ 'ಇದು ಆಗಲೇ ಬಂದಿತ್ತು' ಎಂದು ತಳ್ಳಿಹಾಕಬಹುದು.

ಮೂರನೆಯದು ಗಾಯಕರ ವರ್ಗಾವಣೆ. ಸುಯಿಸೈಡ್ ಸೈಲೆನ್ಸ್‌ನ ಮಿಚ್ ಲಕರ್ 2012ರಲ್ಲಿ ಬೈಕ್ ಅಪಘಾತದಲ್ಲಿ ತೀರಿಕೊಂಡ ಮೇಲೆ ಆ ಜಾಗಕ್ಕೆ ಬಂದವರು ಆಲ್ ಶಲ್ ಪೆರಿಶ್‌ನ ಎಡ್ಡಿ ಹರ್ಮಿಡಾ. ಲೋರ್ನಾ ಶೋರ್‌ನ ಟಾಮ್ ಬಾರ್ಬರ್ 2018ರಲ್ಲಿ ಚೆಲ್ಸೀ ಗ್ರಿನ್ ಸೇರಿದರು. ಧ್ವನಿ ಮೆಚ್ಚಿದವರು ಅದರ ಬೆನ್ನು ಹತ್ತಿದರೆ ಹಳೆಯ ಮನೆ, ಹೊಸ ಮನೆ ಎರಡೂ ಸಿಗುತ್ತವೆ.

ಊರಿನ ಅಭಿಮಾನ ಮಾತ್ರ ಇಲ್ಲಿ ಕೆಲಸಕ್ಕೆ ಬಾರದು. ಬೆಂಗಳೂರಿನಲ್ಲಿ ಡೈಯಿಂಗ್ ಎಂಬ್ರೇಸ್, ಇನ್ನರ್ ಸ್ಯಾಂಕ್ಟಮ್‌ನಂಥ ಒಳ್ಳೆಯ ಬ್ಯಾಂಡ್‌ಗಳಿವೆ. ಆದರೆ ಮೊದಲನೆಯದರ ಒಲವು ನಿಧಾನಗತಿಯ ಡೂಮ್ ಮೆಟಲ್ ಕಡೆ, ಎರಡನೆಯದರದು ವೇಗದ ಥ್ರ್ಯಾಶ್ ಮೆಟಲ್ ಕಡೆ. ಎಕ್ಸ್‌ಟ್ರೀಮ್ ಮೆಟಲ್ ಎಂಬ ದೊಡ್ಡ ಕುಟುಂಬದಲ್ಲಿ ಅವು ಡೆತ್‌ಕೋರ್‌ಗೆ ದೂರದ ನೆಂಟರು.

ಕಡೆಗೂ ಥೇಟ್ ಅದೇ ಬಗೆಯ ಬ್ಯಾಂಡ್ ಸಿಕ್ಕಿತೆನ್ನಿ. ಅಭಿಮಾನಿ ಅದನ್ನು ನಕಲು ಎಂದು ಬೈಯುತ್ತಾನೆ. ಆದ್ದರಿಂದ ಬ್ರೇಕ್‌ಡೌನ್, ಗಾಯನ, ವೇಗ ಈ ಮೂರರಲ್ಲಿ ಎರಡು ಹೊಂದಿ ಒಂದು ಹೊಂದದ ಬ್ಯಾಂಡನ್ನು ಹುಡುಕುವುದೇ ಲೇಸು. ಬಾಳಿಕೆ ಬರುವುದು ಅದೇ.