ಮನೆ ವಿಳಾಸವನ್ನು ಲೋಕಕ್ಕೆ ಹಂಚುವ ಸುಲಭ ವಿಧಾನ

ಬೀದರ ಜಿಲ್ಲೆಯ ಔರಾದ ತಾಲ್ಲೂಕಿನಲ್ಲಿ ತೊಗರಿ, ಸೋಯಾ ಬೆಳೆಯುವ ಹತ್ತು ಮಂದಿಯನ್ನು ಕೂಡಿಸಿ ರೈತ ಉತ್ಪಾದಕ ಕಂಪನಿ ಮಾಡಿ. ದೇಶದಲ್ಲಿ 10,000 ರೈತ ಉತ್ಪಾದಕ ಸಂಸ್ಥೆ ಕಟ್ಟುವ ಕೇಂದ್ರದ ಯೋಜನೆ 2020ರಲ್ಲಿ ಶುರುವಾದ ಮೇಲೆ ಇದೇನೂ ಅಪರೂಪದ ಸಾಹಸವಲ್ಲ. ಕನಿಷ್ಠ ಐವರನ್ನು ನಿರ್ದೇಶಕರನ್ನಾಗಿ ಆರಿಸಿ. ಮದುವೆ ಕಾರ್ಡು, ಬ್ಯಾಂಕಿನ ನೋಟಿಸು ಬಿಟ್ಟರೆ ಬೇರೆ ಟಪಾಲೇ ಕಾಣದವರಿಗೆ ಆದ್ಯತೆ ಕೊಡಿ. ಮನೆ ತುಂಬ ಟಪಾಲು ಬರುವ ಯೋಗ ಹೆಚ್ಚು ಬೇಕಾದದ್ದು ಅವರಿಗೇ.

ನೋಂದಾಯಿತ ಕಚೇರಿ ಎಲ್ಲಿ ಎಂದು ಸಿಎ ಆಫೀಸಿನ ಹುಡುಗ ಫೋನಿನಲ್ಲಿ ಕೇಳುತ್ತಾನೆ. ತಡವರಿಸಬೇಡಿ. ‘ನಮ್ ಮನೀದೇ ಹಾಕ್ರಿ’ ಎನ್ನಿ. ಭಾಲ್ಕಿ ಬಸ್ ನಿಲ್ದಾಣದ ಹತ್ತಿರ ಒಂದು ಸಣ್ಣ ಕೋಣೆ ಬಾಡಿಗೆ ಹಿಡಿಯೋಣ ಎಂದು ಯಾರಾದರೂ ಸೂಚಿಸಿದರೆ, ದುಂದುವೆಚ್ಚ ಎಂದು ಗದರಿಸಿ. ಕಂಪನಿ ಕಾಯ್ದೆಯ 12ನೇ ಕಲಂ ಕೇಳುವುದು ಕಾಗದ ಪತ್ರ ಬಂದರೆ ತೆಗೆದುಕೊಳ್ಳಲು ಆಗುವಂಥ ಒಂದು ಜಾಗವನ್ನಷ್ಟೇ. ಅದು ನಿಮ್ಮ ಅಡುಗೆಮನೆಯ ಪಕ್ಕದಲ್ಲೇ ಇರಬೇಕೆಂದು ಎಲ್ಲಿಯೂ ಹೇಳಿಲ್ಲ. ಆ ಕಲಂ ಓದಲು ಹೋಗಬೇಡಿ.

ಎರಡು ತಿಂಗಳೊಳಗಿನ ಜೆಸ್ಕಾಂ ಬಿಲ್ಲನ್ನು ದಾಖಲೆಯಾಗಿ ಕೊಡಿ. ಬಿಲ್ಲು ಇನ್ನೂ ತೀರಿಕೊಂಡ ಅಜ್ಜನ ಹೆಸರಿನಲ್ಲೇ ಇದ್ದರೆ ಮೊದಲು ಅದನ್ನು ಸರಿಪಡಿಸಿಕೊಳ್ಳಿ. ಕಂಪನಿಯಿಂದ ಆಗುವ ಒಂದೇ ಖಚಿತ ಉಪಕಾರ ಇದೇ ಇರಬಹುದು. ಬಾಗಿಲ ಮೇಲೆ ಕಂಪನಿಯ ಹೆಸರು, ವಿಳಾಸದ ಬೋರ್ಡು ಹಾಕಿ. ಊರ ಭಾಷೆಯಲ್ಲೂ ಬರೆಸಿ, ಕಾಯ್ದೆಗೆ ಅದೂ ಬೇಕು. ಹಾದಿಹೋಕರೂ ನಿಂತು ಓದಲಿ.

ಮುಂದೆ ಕಂಪನಿಯ ಸಂಘಟನಾ ಪತ್ರಕ್ಕೆ (ಮೆಮೊರಾಂಡಮ್) ಸಹಿ. ಹತ್ತೂ ಜನರ ಹೆಸರು, ಮನೆ ವಿಳಾಸ, ಉದ್ಯೋಗ ಅದರಲ್ಲಿ ಬರುತ್ತವೆ. ಮನೆ ನಂಬರು, ಓಣಿ, ‘ಹನುಮಾನ ಗುಡಿ ಹಿಂದೆ’ ಎಂಬ ಗುರುತು, ಪಿನ್‌ಕೋಡು ಒಂದನ್ನೂ ಬಿಡಬೇಡಿ. ಈ ಕಡತ ಬೆಂಗಳೂರಿನ ಕೋರಮಂಗಲದ ಕಂಪನಿ ರಿಜಿಸ್ಟ್ರಾರ್ ಕಚೇರಿಗೆ ಸೇರಿತಲ್ಲ, ಬೀದರಿನಿಂದ ಸುಮಾರು 700 ಕಿ.ಮೀ. ದೂರವಾಯಿತಲ್ಲ ಎಂದು ನೆಮ್ಮದಿಯಾಗಿ ಮಲಗಿ. ಕಂಪನಿ ಕಾಯ್ದೆಯ 399ನೇ ಕಲಂ ಪ್ರಕಾರ ಶುಲ್ಕ ಕಟ್ಟಿದ ಯಾರು ಬೇಕಾದರೂ ಅದನ್ನು ನೋಡಬಹುದು. ಕಂಪನಿ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ ನೂರು ರೂಪಾಯಿ ಸಾಕು. ಇದನ್ನು ಹೆಂಡತಿಗೆ ಈಗಲೇ ಹೇಳಬೇಡಿ.

ನೋಂದಣಿಯಾದ ಮೇಲೆ ಫೋನನ್ನು ಕೈಯಲ್ಲೇ ಹಿಡಿದುಕೊಂಡಿರಿ. ಮೊದಲು ಕರೆಂಟ್ ಅಕೌಂಟ್ ತೆರೆಸುವವರು ಬರುತ್ತಾರೆ, ಹಿಂದೆಯೇ ಜಿಎಸ್‌ಟಿ ಮಾಡಿಕೊಡುವವರು, ವೆಬ್‌ಸೈಟ್‌ನವರು, ಟ್ರೇಡ್‌ಮಾರ್ಕ್‌ನವರು, ಐಎಸ್‌ಒ ಸರ್ಟಿಫಿಕೇಟ್‌ನವರು. 1909 ಸಂಖ್ಯೆಗೆ ದೂರು ಕೊಟ್ಟರೆ ಕರೆ, ಎಸ್‌ಎಂಎಸ್‌ಗಳಿಗೆ ತಡೆ ಉಂಟು, ಅಂಚೆಯ ಲಕೋಟೆಗೆ ಇಲ್ಲ. ಹಾಗಾಗಿ ಎರಡನ್ನೂ ತಡೆಯದೆ ಬಿಡಿ, ಸಮಾನತೆ ಇರಲಿ.

ಮನೆಗೆ ಬರುವ ಲಕೋಟೆಯನ್ನು ಮಾತ್ರ ಹತ್ತಿರದಿಂದ ನೋಡಿ. ಬಣ್ಣ ಕಂದು, ವಿಳಾಸ ಕಾಣಲು ಪಾರದರ್ಶಕ ಕಿಟಕಿ, ಮೇಲೆ ಕೆಂಪಕ್ಷರದಲ್ಲಿ ‘ಕಡೆಯ ಸೂಚನೆ’. ಒಳಗೆ ಉಲ್ಲೇಖ ಸಂಖ್ಯೆ, ನಿಮ್ಮ ಕಂಪನಿಯ ಗುರುತಿನ ಸಂಖ್ಯೆ (ಸಿಐಎನ್), ಕಟ್ಟಬೇಕಾದ ಮೊತ್ತ, ಕಟ್ಟಲು ಕ್ಯೂಆರ್ ಕೋಡ್. ತೀರ ಕೆಳಗೆ, ಚಾಳೀಸು ಹಾಕಿದರೂ ಕಾಣದಷ್ಟು ಸಣ್ಣದಾಗಿ, ‘ಇದು ಸೇವೆಗೆ ಆಹ್ವಾನ ಮಾತ್ರ’ ಎಂಬ ಸಾಲು. ಅಲ್ಲಿಗೆ ಕಣ್ಣು ಹಾಯಿಸಬೇಡಿ. ಸರ್ಕಾರದ್ದೇ ಎಂದು ನಂಬಿ, ಮುಂದಿನ ಸಭೆಯಲ್ಲಿ ಖರ್ಚಿಗೆ ಮಂಜೂರಾತಿ ಪಡೆದು, ಕಟ್ಟಿಬಿಡಿ. ಒಮ್ಮೆ ಕಟ್ಟಿದವರಿಗೆ ಮುಂದಿನ ವರ್ಷವೂ ಪತ್ರ ಬರುತ್ತದೆ; ಸಂಬಂಧ ಉಳಿಯುತ್ತದೆ.

ಲಕೋಟೆಯ ವಿಳಾಸದಲ್ಲಿ ‘ಹನುಮಾನ’ ಎಂಬುದು ‘ಹನುಮನ’ ಎಂದು ಅಚ್ಚಾಗಿದೆಯೇ ನೋಡಿ. ಅರ್ಜಿ ತುಂಬುವಾಗ ಸಿಎ ಆಫೀಸಿನ ಹುಡುಗ ಮಾಡಿದ ತಪ್ಪು ಅದು. ಆ ತಪ್ಪು ಇರುವುದು ಒಂದೇ ಕಡತದಲ್ಲಿ, ಹಾಗಾಗಿ ವಿಳಾಸ ಎಲ್ಲಿಂದ ಹೊರಟಿತೆಂದು ಥಟ್ಟನೆ ತಿಳಿಯುತ್ತದೆ. ಇಷ್ಟೊಂದು ತಿಳಿದುಕೊಳ್ಳುವುದು ಆರೋಗ್ಯಕ್ಕೆ ಒಳ್ಳೆಯದಲ್ಲ. ಕೂಡಲೇ ತಿದ್ದಿಸಿ, ಎಲ್ಲ ಕಡೆ ಒಂದೇ ಥರ ಬರೆಸಿ.

ಸಿಟ್ಟು ಬಂದರೆ ಕಾನೂನಿನ ಮೊರೆ ಹೋಗಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಪ್ರಿಂಟು ತೆಗೆಸಿ, ಗಟ್ಟಿಯಾಗಿ ಓದಿ. 3ನೇ ಕಲಮಿಗೆ ಬಂದಾಗ ದನಿ ಸ್ವಲ್ಪ ತಗ್ಗಿಸಿ: ಕಾನೂನಿನ ಕಟ್ಟಳೆಯಿಂದ ಸಾರ್ವಜನಿಕವಾದ ಮಾಹಿತಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಒಂದು ಕಾಯ್ದೆ ವಿಳಾಸ ಬಯಲಿಗಿಡಿ ಎನ್ನುತ್ತದೆ, ಇನ್ನೊಂದು ಬಯಲಿಗಿಟ್ಟದ್ದು ನನಗೆ ಸಂಬಂಧವಿಲ್ಲ ಎನ್ನುತ್ತದೆ. ಇಬ್ಬರೂ ಸರಿ, ತಪ್ಪು ನಿಮ್ಮದು. ಬ್ರಿಟನ್‌ನಲ್ಲಿ 2009ರ ಅಕ್ಟೋಬರಿನಿಂದ ನಿರ್ದೇಶಕರು ಸಾರ್ವಜನಿಕ ದಾಖಲೆಗೆ ಬೇರೊಂದು ವಿಳಾಸ ಕೊಟ್ಟು ಮನೆಯದನ್ನು ಮರೆಯಲ್ಲಿಡಬಹುದು ಎಂದು ಬೀದರಿನ ಯಾರಾದರೂ ಓದಿಕೊಂಡವರು ಹೇಳಿದರೆ, ಅದು ಚಳಿದೇಶ, ಅಲ್ಲಿ ಬಾಗಿಲು ಮುಚ್ಚಿಟ್ಟುಕೊಳ್ಳುವುದು ರೂಢಿ ಎಂದು ಸಮಾಧಾನ ಹೇಳಿ ಕಳಿಸಿ.

ಕೊನೆಗೆ ಬೇಸತ್ತರೆ ರಾಜೀನಾಮೆ ಕೊಡಿ. ಕಂಪನಿ ಡಿಐಆರ್-12 ನಮೂನೆ ಸಲ್ಲಿಸುತ್ತದೆ, ಹೊಸ ನಿರ್ದೇಶಕನ ಹೆಸರು ಏರುತ್ತದೆ. ನಿಮ್ಮ ಸಹಿಯಿರುವ ಹಳೆಯ ಸಂಘಟನಾ ಪತ್ರ ಮಾತ್ರ ಕಡತದಲ್ಲೇ ಇರುತ್ತದೆ, ನೂರು ರೂಪಾಯಿಗೆ ಈಗಲೂ ಸಿಗುತ್ತದೆ. ಖಾಲಿಯಾದ ಜಾಗಕ್ಕೆ ಅರ್ಹತೆ ನೋಡಿ ಮಗನನ್ನೇ ನೇಮಿಸಿ. ವಿಳಾಸ ಬದಲಿಸಬೇಡಿ, ಪೋಸ್ಟಮನ್ ಕಾಕಾಗೆ ಹೊಸ ಮನೆ ಹುಡುಕುವ ತ್ರಾಸು ಬೇಡ.