ಶಾದ್ವಲ ಶಕಟ ಮೀಮಾಂಸೆ: ದಿಬ್ಬದ ಲಾನಿಗೆ ಹೊಸ ಟ್ರ್ಯಾಕ್ಟರೋ, ಹಳೆಯದೋ

ಜೀವ ಬ್ರಹ್ಮಗಳ ಭೇದಾಭೇದದ ಮೇಲೆ ನಮ್ಮಲ್ಲಿ ಭಾಷ್ಯಗಳಿವೆ, ಭಾಷ್ಯಗಳ ಮೇಲೆ ಟೀಕೆಗಳಿವೆ, ಟೀಕೆಗಳ ಮೇಲೆ ಟಿಪ್ಪಣಿಗಳಿವೆ. ಆದರೆ ಅಮೆರಿಕದ ಪಿಟ್ಸ್‌ಬರ್ಗ್ ನಗರದ ಅಂಚಿನಲ್ಲಿ ಒಂದೆಕರೆ ಇಳಿಜಾರು ಹುಲ್ಲಿನ ನೆತ್ತಿಯ ಮೇಲೆ ಮನೆ ಮಾಡಿದ ಗೃಹಸ್ಥನು ಫೋರ್ ವೀಲ್ ಡ್ರೈವ್ ಗಾರ್ಡನ್ ಟ್ರ್ಯಾಕ್ಟರನ್ನು ಹೊಸದಾಗಿ ಕೊಳ್ಳಬೇಕೋ, ಸೆಕೆಂಡ್ ಹ್ಯಾಂಡ್ ಕೊಳ್ಳಬೇಕೋ ಎಂಬ ಜಿಜ್ಞಾಸೆಯಲ್ಲಿ ಆಚಾರ್ಯರೆಲ್ಲರೂ ಮೌನ. ಈ ಮೌನವನ್ನು ಮುರಿಯುವುದಕ್ಕಾಗಿಯೇ ಪ್ರಸ್ತುತ ಪ್ರಬಂಧ ಹೊರಟಿದೆ. ಶಾಸ್ತ್ರಗ್ರಂಥಕ್ಕೆ ಅನುಬಂಧ ಚತುಷ್ಟಯ ಇರಲೇಬೇಕಾದ್ದರಿಂದ ಮೊದಲೇ ಹೇಳಿಬಿಡುವುದು ಒಳ್ಳೆಯದು: ಇಲ್ಲಿ ವಿಷಯ ಟ್ರ್ಯಾಕ್ಟರು, ಪ್ರಯೋಜನ ಹುಲ್ಲು ಗಿಡ್ಡವಾಗುವುದು, ಅಧಿಕಾರಿ, ಶನಿವಾರ ಬೆಳಿಗ್ಗೆ ಬೇರೆ ಕೆಲಸವಿಲ್ಲದವನು, ಸಂಬಂಧ, ಬ್ಯಾಂಕಿನೊಂದಿಗೆ. ಸಿದ್ಧಾಂತವನ್ನೂ ಬಚ್ಚಿಡುವುದಿಲ್ಲ. ದಿಬ್ಬಕ್ಕೆ ಹಳೆಯ ಟ್ರ್ಯಾಕ್ಟರೇ ಯೋಗ್ಯ, ಆದರೆ ಅದು ಬಯಲಿನಲ್ಲಿ ಹಳತಾಗಿರಬೇಕು. ಮುಂದಿನದೆಲ್ಲ ಈ ಸೂತ್ರದ ವಿಸ್ತಾರ, ಮತ್ತು ಒಪ್ಪದವರ ಖಂಡನೆ.

ಹುಲ್ಲು ಕತ್ತರಿಸುವ ಯಂತ್ರಕ್ಕೆ ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ 1830ರಲ್ಲಿ ಪೇಟೆಂಟ್ ಪಡೆದ. ಉಣ್ಣೆ ಗಿರಣಿಗಳಲ್ಲಿ ಬಟ್ಟೆಯ ಮೇಲೆದ್ದ ಜುಂಗನ್ನು ಸವರುವ ಯಂತ್ರವನ್ನು ನೋಡಿ, ಇದನ್ನೇ ನೆಲದ ಮೇಲೆ ಉರುಳಿಸಿದರೆ ಹೇಗೆ ಎಂದು ಅವನಿಗೆ ಹೊಳೆಯಿತು. ಅಂದರೆ ಹುಲ್ಲು ತಿಂದ ಕುರಿಯ ಉಣ್ಣೆಯನ್ನು ಕ್ಷೌರ ಮಾಡುತ್ತಿದ್ದ ಯಂತ್ರವೇ ತಿರುಗಿ ಬಂದು ಹುಲ್ಲಿನ ಕ್ಷೌರಕ್ಕೆ ನಿಂತಿತು. ನಡುವಿನ ಕುರಿಗೆ ಕೆಲಸ ಹೋಯಿತು. ಬಡ್ಡಿಂಗನ ಊರಾದ ಸ್ಟ್ರೌಡ್ ಗುಡ್ಡಗಳ ನಡುವಿನದು ಎಂಬುದನ್ನು ಇತಿಹಾಸಕಾರರು ಸಾಕಷ್ಟು ಗಂಭೀರವಾಗಿ ತೆಗೆದುಕೊಂಡಿಲ್ಲ. ಹುಲ್ಲಿನ ಯಂತ್ರ ಜನ್ಮತಃ ಇಳಿಜಾರಿನದು, ಬಯಲಿಗೆ ಆಮೇಲೆ ವಲಸೆ ಹೋದದ್ದು. ವಲಸೆ ಹೋದದ್ದು ಎಷ್ಟರಮಟ್ಟಿಗೆಂದರೆ, 2005ರಲ್ಲಿ ಪ್ರಕಟವಾದ ಉಪಗ್ರಹ ಆಧಾರಿತ ಅಂದಾಜಿನ ಪ್ರಕಾರ ಅಮೆರಿಕದಲ್ಲಿ ಇಂಥ ಹುಲ್ಲುಹಾಸು ಸುಮಾರು 1.6 ಲಕ್ಷ ಚದರ ಕಿಲೋಮೀಟರ್ ಹರಡಿದೆ. ಕರ್ನಾಟಕದ ವಿಸ್ತೀರ್ಣವೇ 1.91 ಲಕ್ಷ. ಬೀದರಿನಿಂದ ಮೈಸೂರಿನ ಹತ್ತಿರದವರೆಗೂ ಒಂದೇ ಬೆಳೆ, ಅದನ್ನು ಯಾರೂ ತಿನ್ನುವುದಿಲ್ಲ, ವಾರಕ್ಕೊಮ್ಮೆ ಕತ್ತರಿಸಿ ಎಸೆಯುತ್ತಾರೆ ಎಂದು ಊಹಿಸಿಕೊಂಡರೆ ಪ್ರಶ್ನೆಯ ಗಾತ್ರ ತಿಳಿದೀತು.

ಇನ್ನು ಭೂಗೋಳಕ್ಕೆ ಬರೋಣ. ಕೂತು ಓಡಿಸುವ ಮೋವರುಗಳ ಕೈಪಿಡಿಗಳು ಸಾಮಾನ್ಯವಾಗಿ ವಿಧಿಸುವ ಮಿತಿ 15 ಡಿಗ್ರಿ ಇಳಿಜಾರು, ಅಂದರೆ ನೂರು ಅಡಿ ಮುಂದೆ ಹೋಗುವುದರಲ್ಲಿ ಸುಮಾರು 27 ಅಡಿ ಏರುವುದು. ಪಿಟ್ಸ್‌ಬರ್ಗಿನ ಕ್ಯಾಂಟನ್ ಅವೆನ್ಯೂ ಎಂಬ ಬೀದಿಯ ಏರು ಶೇ 37. ಲೆಕ್ಕ ಹಾಕಿದರೆ 20 ಡಿಗ್ರಿಯ ಮೇಲಾಯಿತು. ಆ ಊರಿನಲ್ಲಿ ಕಾರು ಓಡುವ ರಸ್ತೆಯೇ ಹುಲ್ಲು ಕತ್ತರಿಸುವ ಯಂತ್ರಕ್ಕೆ ನಿಷಿದ್ಧ ಕ್ಷೇತ್ರವೆಂದ ಮೇಲೆ ಹಿತ್ತಲಿನ ಪಾಡೇನು? ಇಲ್ಲಿ ಸಾಮಾನ್ಯ ಗೃಹಸ್ಥನು, ಏರಬೇಕಾದರೆ ನಾಲ್ಕೂ ಚಕ್ರ ಎಳೆಯಬೇಕು, ಆದ್ದರಿಂದ ಫೋರ್ ವೀಲ್ ಎಂದು ತರ್ಕಿಸುತ್ತಾನೆ. ಇದು ಅರ್ಧ ಸತ್ಯ. ಏರುವಾಗ ಭಾರವೆಲ್ಲ ಹಿಂದಿನ ಚಕ್ರಗಳ ಮೇಲೆ ಬೀಳುವುದರಿಂದ ಎರಡು ಚಕ್ರದ ಯಂತ್ರವೂ ತಕ್ಕಮಟ್ಟಿಗೆ ಹತ್ತುತ್ತದೆ. ಕಷ್ಟ ಇರುವುದು ಇಳಿಯುವಾಗ. ಆಗ ಭಾರ ಮುಂದಕ್ಕೆ ವಾಲುತ್ತದೆ, ಹಿಂದಿನ ಚಕ್ರ ಹಗುರಾಗುತ್ತದೆ, ಎರಡು ಚಕ್ರದ ಯಂತ್ರದಲ್ಲಿ ತಡೆಯುವ ಶಕ್ತಿ ಇರುವುದೆಲ್ಲ ಆ ಹಗುರಾದ ಚಕ್ರಗಳಲ್ಲೇ. ಇಬ್ಬನಿ ಬಿದ್ದ ಹುಲ್ಲಿನ ಮೇಲೆ ಅವು ಜಾರತೊಡಗಿದರೆ ಯಜಮಾನನ ಕೈಯಲ್ಲಿ ಸ್ಟೀರಿಂಗ್ ಇರುತ್ತದೆ, ಅಧಿಕಾರ ಇರುವುದಿಲ್ಲ. ನಾಲ್ಕು ಚಕ್ರದ ಜೋಡಣೆ ಮುಂದಿನ ಚಕ್ರಗಳಿಂದಲೂ ತಡೆಯುತ್ತದೆ. ಅದರ ನಿಜವಾದ ಪುಣ್ಯ ಅವರೋಹಣದಲ್ಲಿದೆ. ಆದರೆ ಅಡ್ಡಡ್ಡ ಓಡಿಸಿ ಪಕ್ಕಕ್ಕೆ ಮಗುಚಿಕೊಳ್ಳುವವನನ್ನು ಅದು ಕಾಪಾಡದು. ಮಗುಚುವುದು ಭಾರದ ಎತ್ತರಕ್ಕೂ ಚಕ್ರಗಳ ನಡುವಿನ ಅಗಲಕ್ಕೂ ಸೇರಿದ ವ್ಯವಹಾರ. ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಮಾತ್ರ ಓಡಿಸಬೇಕು, ಹಿಮ್ಮುಖವಾಗಿ ಏರಲಾರದ ದಿಬ್ಬದಲ್ಲಿ ಓಡಿಸಲೇಬಾರದು ಎಂಬೆರಡು ವಿಧಿವಾಕ್ಯಗಳು ಹೊಸದಕ್ಕೂ ಹಳೆಯದಕ್ಕೂ ಸಮಾನ.

ಹೊಸ ಫೋರ್ ವೀಲ್ ಗಾರ್ಡನ್ ಟ್ರ್ಯಾಕ್ಟರಿನ ಬೆಲೆ ಹತ್ತು ಸಾವಿರ ಡಾಲರಿನ ಆಚೆಗೇ ಶುರುವಾಗುತ್ತದೆ. ಅದನ್ನು ಕೇಳಿ ಬೆಚ್ಚಿದ ಗೃಹಸ್ಥನು ದೊಡ್ಡ ಅಂಗಡಿಗೆ ಹೋಗಿ ಎರಡು ಮೂರು ಸಾವಿರಕ್ಕೆ ಹೊಸದೇ ಆದ ಹಗುರ ಲಾನ್ ಟ್ರ್ಯಾಕ್ಟರನ್ನು ತರುತ್ತಾನೆ. ಇಲ್ಲಿ ಆಗುವ ತಪ್ಪು ತಾರ್ಕಿಕವಾದದ್ದು. ‘ಹೊಸದು’ ಎಂಬುದು ಗುಣ, ‘ಗಾರ್ಡನ್ ಟ್ರ್ಯಾಕ್ಟರು’ ಎಂಬುದು ಜಾತಿ. ಗುಣ ಸಿಕ್ಕಿತೆಂದು ಜಾತಿಯನ್ನು ಕೈಬಿಟ್ಟಂತಾಯಿತು. ಹಗುರ ಯಂತ್ರಗಳಲ್ಲಿ ಹಲವಕ್ಕೆ ಹೈಡ್ರೋಸ್ಟ್ಯಾಟಿಕ್ ಟ್ರಾನ್ಸ್‌ಮಿಷನ್ನಿನ ಎಣ್ಣೆ ಬದಲಿಸಲು ಒಂದು ತೂತೂ ಇರುವುದಿಲ್ಲ. ಬಯಲಿನಲ್ಲಿ ವರ್ಷಗಟ್ಟಲೆ ಬಾಳುವ ಆ ಪೆಟ್ಟಿಗೆ ದಿಬ್ಬದಲ್ಲಿ ಕಾದು ಕಾದು ಬೇಗನೆ ಸುಸ್ತಾಗುತ್ತದೆ. ಇತ್ತ ಹಳೆಯ ಗಾರ್ಡನ್ ಟ್ರ್ಯಾಕ್ಟರು, ಅಥವಾ ಕುಬೋಟಾ ಬಿಎಕ್ಸ್ ತರಹದ ಅರ್ಧ ಟನ್ನಿಗೂ ಮೀರಿದ ಮೂರು ಸಿಲಿಂಡರಿನ ಡೀಸೆಲ್ ಯಂತ್ರ, ಹತ್ತು ಹದಿನೈದು ವರ್ಷದ ಮೇಲೂ ತನ್ನ ಜಾತಿಯನ್ನು ಬಿಟ್ಟಿರುವುದಿಲ್ಲ. ಅದರ ವಯಸ್ಸನ್ನು ವರ್ಷಗಳಲ್ಲಿ ಅಳೆಯಬಾರದು, ಅವರ್ ಮೀಟರಿನಲ್ಲಿ ಅಳೆಯಬೇಕು. ಒಂದೆಕರೆಗೆ ವಾರಕ್ಕೊಂದು ಗಂಟೆ, ಏಪ್ರಿಲಿನಿಂದ ಅಕ್ಟೋಬರಿನವರೆಗೆ ಮೂವತ್ತು ವಾರ ಎಂದಿಟ್ಟುಕೊಂಡರೆ ಹತ್ತು ವರ್ಷಕ್ಕೆ ಮುನ್ನೂರು ಗಂಟೆ. ಚೆನ್ನಾಗಿ ನೋಡಿಕೊಂಡ ಡೀಸೆಲ್ ಎಂಜಿನ್ನಿಗೆ ಇದು ಬಾಲ್ಯ. ಆದರೆ ಅವರ್ ಮೀಟರಿಗೆ ಒಂದು ದೋಷವಿದೆ, ಅದು ಕಾಲವನ್ನು ಬಲ್ಲದು, ದೇಶವನ್ನು ಅರಿಯದು. ಬಯಲಿನ ಮುನ್ನೂರು ಗಂಟೆಯನ್ನೂ ಗುಡ್ಡದ ಮುನ್ನೂರು ಗಂಟೆಯನ್ನೂ ಒಂದೇ ಅಂಕಿಯಲ್ಲಿ ತೋರಿಸುತ್ತದೆ. ನಮ್ಮ ಸೂತ್ರದ ಎರಡನೆಯ ಭಾಗ ಹುಟ್ಟಿದ್ದು ಈ ದೋಷದಿಂದಲೇ.

ಹಾಗಾದರೆ ಬಯಲಿನವನು ಫೋರ್ ವೀಲ್ ಯಂತ್ರವನ್ನು ಕೊಂಡದ್ದಾದರೂ ಏಕೆ? ಈ ಶಂಕೆಗೆ ಥಾರ್‌ಸ್ಟೈನ್ ವೆಬ್ಲೆನ್ 1899ರಲ್ಲೇ ಉತ್ತರ ಕೊಟ್ಟಿದ್ದಾನೆ. ವಿರಾಮವರ್ಗದ ಸಿದ್ಧಾಂತವನ್ನು ಹೇಳುವ ಅವನ ಪುಸ್ತಕದಲ್ಲಿ ಹುಲ್ಲುಹಾಸಿನ ಪ್ರಸ್ತಾಪವಿದೆ. ಮೇಯಲು ಹಸುವೇ ತಕ್ಕದ್ದಾದರೂ ಹಸು ಕಂಡರೆ ಮಿತವ್ಯಯದ, ಉಪಯೋಗದ ವಾಸನೆ ಬರುತ್ತದೆ. ಹಾಗಾಗಿ ಸಿರಿವಂತರು ಅದರ ಜಾಗಕ್ಕೆ ಜಿಂಕೆಯನ್ನೋ ಅಂಥ ಮತ್ತೊಂದನ್ನೋ ತರುತ್ತಾರೆ ಎಂಬುದು ಅವನ ವಾದ. ಅರವತ್ತನಾಲ್ಕು ವರ್ಷಗಳ ತರುವಾಯ, 1963ರಲ್ಲಿ, ನೆಗೆಯುವ ಜಿಂಕೆಯನ್ನು ಲಾಂಛನವಾಗಿ ಉಳ್ಳ ಜಾನ್ ಡಿಯರ್ ಕಂಪನಿ ತನ್ನ ಮೊದಲ ಲಾನ್ ಟ್ರ್ಯಾಕ್ಟರನ್ನು ಮಾರುಕಟ್ಟೆಗೆ ಬಿಟ್ಟಿತು. ಸಮಾಜಶಾಸ್ತ್ರದ ಚರಿತ್ರೆಯಲ್ಲಿ ಭವಿಷ್ಯವಾಣಿಯೊಂದು ಇಷ್ಟು ಅಕ್ಷರಶಃ ಫಲಿಸಿದ ಇನ್ನೊಂದು ಪ್ರಸಂಗ ಸಿಗುವುದು ಕಷ್ಟ. ಬಯಲಿನವನಿಗೆ ಮುಂದಿನ ಚಕ್ರಗಳ ಎಳೆತ ಬೇಕಾಗಿಲ್ಲ, ನೆರೆಯವನಿಗಿಲ್ಲದ ಒಂದು ಲಿವರು ಬೇಕು. ಓಹಿಯೋದ ವಾಯವ್ಯ ಮೂಲೆಯಲ್ಲಿ, ಹತ್ತೊಂಬತ್ತನೆಯ ಶತಮಾನದಲ್ಲಿ ಗ್ರೇಟ್ ಬ್ಲ್ಯಾಕ್ ಸ್ವಾಂಪ್ ಎಂಬ ಮಹಾ ಜೌಗನ್ನು ಬಸಿದು ಮಾಡಿದ ನೆಲವಿದೆ. ಗೋಲಿ ಇಟ್ಟರೆ ಯಾವ ಕಡೆಗೆ ಹೋಗಲಿ ಎಂದು ಅದು ಯೋಚಿಸಬೇಕು, ಅಷ್ಟು ಮಟ್ಟಸ. ಅಂಥ ನೆಲದಲ್ಲಿ ಹತ್ತು ವರ್ಷ ವಿರಾಮವಾಗಿ ಓಡಾಡಿ, ಲಿವರನ್ನು ಒಮ್ಮೆಯೂ ಎಳೆಸಿಕೊಳ್ಳದೆ, ಒಣ ಶೆಡ್ಡಿನಲ್ಲಿ ಚಳಿಗಾಲ ಕಳೆದ ಟ್ರ್ಯಾಕ್ಟರು ಪಿಟ್ಸ್‌ಬರ್ಗಿನಿಂದ ಬರೇ ನಾಲ್ಕು ಗಂಟೆಯ ದಾರಿಯಲ್ಲಿರುತ್ತದೆ.

ಪೂರ್ವಪಕ್ಷದ ಮಹಾಮಲ್ಲನನ್ನು ಈಗ ಕರೆಯಬೇಕು. ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಪ್ರಕಟಿಸಿದ ‘ನಿಂಬೆಹಣ್ಣಿನ ಮಾರುಕಟ್ಟೆ’ ಎಂಬ ಪ್ರಬಂಧದ ಪ್ರಕಾರ, ಹಳೆಯ ವಾಹನದ ಹುಳುಕು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹೀಗಾಗಿ ಒಳ್ಳೆಯ ವಾಹನಗಳು ಸಂತೆಗೆ ಬರುವುದೇ ನಿಂತು ಹುಳುಕಿನವೇ, ಅಮೆರಿಕನ್ನರ ಆಡುಮಾತಿನಲ್ಲಿ ‘ನಿಂಬೆಹಣ್ಣು’ಗಳೇ, ಉಳಿಯುತ್ತವೆ. (ಹೊಸ ಗಾಡಿಯ ಚಕ್ರದಡಿ ನಿಂಬೆಹಣ್ಣು ಇಡುವ ನಮ್ಮವರು ಹಳೆಯದಕ್ಕೆ ಎಷ್ಟು ಇಡಬೇಕೆಂಬುದನ್ನು ಪುರೋಹಿತರೇ ಹೇಳಬೇಕು.) ಈ ಪ್ರಬಂಧವನ್ನು ಮೊದಲು ಮೂರು ಪತ್ರಿಕೆಗಳು ತಿರಸ್ಕರಿಸಿದವು, 2001ರಲ್ಲಿ ಅದರ ಕರ್ತೃವಿಗೆ ನೊಬೆಲ್ ಬಂತು. ಪ್ರಸ್ತುತ ಪ್ರಬಂಧಕ್ಕೂ ಅಷ್ಟರಮಟ್ಟಿಗೆ ಆಸೆ ಉಂಟು. ಆದರೆ ಅಕರ್ಲಾಫ್ ಕಾರುಗಳನ್ನು ನೋಡಿದನೇ ಹೊರತು ಲಾನ್ ಟ್ರ್ಯಾಕ್ಟರುಗಳನ್ನು ನೋಡಲಿಲ್ಲ. ಕಾರು ಎಲ್ಲೆಲ್ಲಿ ಅಲೆದಿತ್ತೆಂದು ಯಾರೂ ಹೇಳಲಾರರು. ಲಾನ್ ಟ್ರ್ಯಾಕ್ಟರು ತನ್ನ ಜೀವಮಾನವನ್ನೆಲ್ಲ ಒಂದೇ ಹಿತ್ತಲಿನಲ್ಲಿ ಕಳೆಯುತ್ತದೆ, ಆ ಹಿತ್ತಲನ್ನು ಮಾರುವವನು ಮಡಚಿ ಒಳಗಿಡಲಾರ. ಆದ್ದರಿಂದ ಕೊಳ್ಳುವವನು ಯಂತ್ರವನ್ನು ನೋಡುವ ಮೊದಲು ಮಾರುವವನ ನೆಲವನ್ನು ನೋಡಬೇಕು, ಮನೆಯಂಗಳದಲ್ಲಿ ನಿಂತ ಟ್ರ್ಯಾಕ್ಟರನ್ನೇ ಕೊಳ್ಳಬೇಕು, ಟ್ರೈಲರಿನ ಮೇಲೆ ಸಂತೆಗೆ ಬಂದದ್ದನ್ನು ಮುಟ್ಟಬಾರದು.

ನೆಲ ಪ್ರತ್ಯಕ್ಷ ಪ್ರಮಾಣವಾಯಿತು. ಉಳಿದದ್ದಕ್ಕೆ ಅನುಮಾನ ಪ್ರಮಾಣವಿದೆ. ನಮ್ಮ ನೈಯಾಯಿಕರು ಅನುಮಾನಕ್ಕೆ ಶತಮಾನಗಳಿಂದ ಕೊಡುತ್ತ ಬಂದ ನಿದರ್ಶನ, ಬೆಟ್ಟದಲ್ಲಿ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆಯೆಂದು ತಿಳಿಯುವುದು. ಬೆಟ್ಟವೂ ಇದೆ, ಹೊಗೆಯೂ ಇದೆ. ಅವರು ಟ್ರ್ಯಾಕ್ಟರನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದರೆಂದು ಹೇಳಲು ಅಡ್ಡಿಯಿಲ್ಲ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ, ಕಪ್ಪು ಹೊಗೆ ಬಂದರೆ ಇಂಧನ ಹೆಚ್ಚಾಗಿದೆ ಅಥವಾ ಏರ್ ಫಿಲ್ಟರ್ ಕಟ್ಟಿದೆ, ಬಿಳಿ ಹೊಗೆ ನಿಲ್ಲದೆ ಬಂದರೆ ನೀರು ಸಿಲಿಂಡರಿಗೆ ಇಳಿಯುತ್ತಿರಬಹುದು. ಇಲ್ಲೊಂದು ಹೇತ್ವಾಭಾಸವನ್ನು ಗಮನಿಸಬೇಕು. ಇಳಿಜಾರಿನಲ್ಲಿ ನಿಲ್ಲಿಸಿದ ಯಂತ್ರದಲ್ಲಿ ಆಯಿಲ್ ಸಿಲಿಂಡರಿಗೆ ಜಿನುಗಿ, ಸ್ಟಾರ್ಟ್ ಮಾಡಿದ ಕೂಡಲೇ ಒಂದು ಮುಷ್ಟಿ ನೀಲಿ ಹೊಗೆ ಬಂದು ನಿಂತುಹೋಗುತ್ತದೆ. ಅದು ರೋಗವಲ್ಲ, ಭಂಗಿಯ ಫಲ. ಇನ್ನೂ ಸೂಕ್ಷ್ಮವಾದದ್ದು ಶೀತೋಷ್ಣ ವಿರೋಧ. ಎಂಜಿನ್ನನ್ನು ತಣ್ಣಗಿರುವಾಗ ಪರೀಕ್ಷಿಸಬೇಕು, ಟ್ರಾನ್ಸ್‌ಮಿಷನ್ನನ್ನು ಬಿಸಿಯಾದ ಮೇಲೆ ಪರೀಕ್ಷಿಸಬೇಕು. ಕೊಳ್ಳುವವನು ಬರುವ ಮುಂಚೆಯೇ ಮಾರುವವನು ಸ್ಟಾರ್ಟ್ ಮಾಡಿಟ್ಟಿದ್ದರೆ ಬಾನೆಟ್ ಬೆಚ್ಚಗಿರುತ್ತದೆ, ಆಗ ಮುಗುಳ್ನಕ್ಕು ಕಾಫಿ ಕೇಳಿ, ತಣಿಯುವವರೆಗೆ ಹವಾಮಾನದ ಮಾತಾಡಬೇಕು. ಆಮೇಲೆ ಅರ್ಧ ಗಂಟೆ ಓಡಿಸಿ, ಸಿಕ್ಕ ಏರಿನಲ್ಲಿ ಹತ್ತಿಸಿ ನೋಡಬೇಕು. ತಣ್ಣಗಿದ್ದಾಗ ಹುಲಿಯಂತಿದ್ದ ಹೈಡ್ರೋಸ್ಟ್ಯಾಟಿಕ್ ಬಿಸಿಯಾದ ಮೇಲೆ ಏದುಸಿರು ಬಿಟ್ಟರೆ ನಮಸ್ಕಾರ ಹೇಳಿ ಹೊರಡಬೇಕು. ಜಲ್ಲಿಯ ಮೇಲೆ ನಿಲ್ಲಿಸಿ ಲಿವರ್ ಎಳೆದಾಗ ಮುಂದಿನ ಚಕ್ರಗಳು ನಿಜಕ್ಕೂ ಎಳೆಯುತ್ತವೆಯೇ, ಮುಂದಿನ ಆಕ್ಸಲ್ಲಿನ ಪಿನ್ ಅಲುಗುತ್ತದೆಯೇ ಎಂದೂ ನೋಡಬೇಕು. ಬ್ಲೇಡು ತಿರುಗುತ್ತಿರುವಾಗ ಸೀಟಿನಿಂದ ತುಸು ಎದ್ದರೆ ಎಂಜಿನ್ ನಿಲ್ಲಬೇಕು. ನಿಲ್ಲದಿದ್ದರೆ ಹಿಂದಿನ ಜಾಣನೊಬ್ಬ ಆ ಸ್ವಿಚ್ಚಿಗೆ ತಂತಿ ಸುತ್ತಿದ್ದಾನೆ. ಅಂಥವನು ಬೇರೆ ಎಲ್ಲೆಲ್ಲಿ ಜಾಣತನ ತೋರಿಸಿದ್ದಾನೋ ಬಲ್ಲವರಾರು?

ಚಿಲ್ಲರೆ ಆಕ್ಷೇಪಗಳನ್ನು ಬೇಗ ಮುಗಿಸಬಹುದು. ಹೊಸದಕ್ಕೆ ವಾರಂಟಿ ಇದೆಯಲ್ಲ ಎಂದರೆ, ವಾರಂಟಿ ಕಾರ್ಖಾನೆಯ ತಪ್ಪಿಗೆ ಹೊಣೆ, ದಿಬ್ಬದ ತಪ್ಪಿಗಲ್ಲ. ಡೀಲರು ಬಡ್ಡಿಯಿಲ್ಲದ ಕಂತು ಕೊಡುತ್ತಾನಲ್ಲ ಎಂದರೆ, ಬಡ್ಡಿ ಶೂನ್ಯವಾದರೂ ಅಸಲು ಪೂರ್ಣ. ಪೆನ್ ಹಿಲ್ಸ್ ದಿಬ್ಬದ ಮೇಲಿನ ವೆಂಕಟೇಶ್ವರ ದೇವಸ್ಥಾನದಲ್ಲಿ ಹಳೆಯ ಗಾಡಿಗೆ ವಾಹನಪೂಜೆ ಮಾಡಿಸಲು ಸಂಕೋಚವೆಂದು ಕೆಲವರು ಗೊಣಗಬಹುದು; ಗರುಡನೂ ಹೊಸಬನೇನಲ್ಲ. ಹಳೆಯದರಲ್ಲಿ ಮಗುಚಿದಾಗ ಕಾಯುವ ಕಮಾನು ಇರದೆ ಹೋಗಬಹುದು ಎಂಬ ಆಕ್ಷೇಪ ಮಾತ್ರ ತೂಕದ್ದು. ದಿಬ್ಬ ಕಡಿದಾಗಿದ್ದರೆ ಕಮಾನೂ ಸೀಟ್ ಬೆಲ್ಟೂ ಇರುವ ಬಿಎಕ್ಸ್ ತರಹದ ಸಬ್ ಕಾಂಪ್ಯಾಕ್ಟ್ ಯಂತ್ರವನ್ನೇ ಹುಡುಕಬೇಕು, ಅದೂ ಹಳೆಯದಾಗಿ ಸಿಗುತ್ತದೆ.

ಕುರಿವಾದಿಗಳೂ ಇದ್ದಾರೆ. ಸ್ವಭಾವತಃ ನಾಲ್ಕೂ ಕಾಲಿಗೆ ಎಳೆತವುಳ್ಳ, ಇಳಿಜಾರಿನಲ್ಲಿ ಮಗುಚದ, ತನ್ನ ಹೊಸ ಮಾದರಿಯನ್ನು ತಾನೇ ಈಯುವ ಪ್ರಾಣಿ ಇರುವಾಗ ಟ್ರ್ಯಾಕ್ಟರೇಕೆ ಎಂಬುದು ಅವರ ಪ್ರಶ್ನೆ. ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಅಧ್ಯಕ್ಷ ವುಡ್ರೋ ವಿಲ್ಸನ್ ಶ್ವೇತಭವನದ ಅಂಗಳಕ್ಕೆ ಕುರಿಮಂದೆ ಬಿಟ್ಟದ್ದೂ, ಆ ಉಣ್ಣೆಯ ಹರಾಜಿನಿಂದ ರೆಡ್ ಕ್ರಾಸಿಗೆ ಐವತ್ತು ಸಾವಿರ ಡಾಲರಿಗೂ ಹೆಚ್ಚು ಬಂದದ್ದೂ ನಿಜ. ಆದರೆ ಅವು ಹುಲ್ಲಿನ ಜೊತೆಗೆ ಹೂಪಾತಿಗಳನ್ನೂ ಮೇಯ್ದವು. ಮಂದೆಯ ನಾಯಕನಾದ ಓಲ್ಡ್ ಐಕ್ ಎಂಬ ಟಗರು ತಂಬಾಕು ಅಗಿಯುತ್ತಿತ್ತೆಂದು ಪ್ರಸಿದ್ಧಿ. ಹಳೆಯ ಟ್ರ್ಯಾಕ್ಟರು ಎಷ್ಟೇ ಹೊಗೆ ಬಿಟ್ಟರೂ ತಂಬಾಕಿನ ಚಟಕ್ಕೆ ಬಿದ್ದ ದಾಖಲೆಯಿಲ್ಲ.

ಕೊನೆಯ ಆಕ್ಷೇಪ ಗಂಭೀರವಾದದ್ದು: ಎಲ್ಲರೂ ಈ ಪ್ರಬಂಧವನ್ನು ಓದಿ ಹಳೆಯದನ್ನೇ ಕೊಂಡರೆ ಹೊಸದನ್ನು ಕೊಳ್ಳುವವರಾರು, ಹೊಸದಿಲ್ಲದೆ ಹಳೆಯದು ಬರುವುದೆಲ್ಲಿಂದ? ಒಪ್ಪಿದೆವು. ನಮ್ಮ ಸಿದ್ಧಾಂತ ದಿಬ್ಬದವರಿಗೆ ಮಾತ್ರ, ಸಾರ್ವತ್ರಿಕವಲ್ಲ. ದಿಬ್ಬದವರು ಮೊದಲು ಫೋನಿನಲ್ಲಿ ಇಳಿಜಾರನ್ನು ಅಳೆಯಲಿ. 15 ಡಿಗ್ರಿ ದಾಟಿದ ಕಡೆ ಹೊಸದೂ ಬೇಡ, ಹಳೆಯದೂ ಬೇಡ, ಪೊದೆಗಿಡ ನೆಟ್ಟು ಸುಮ್ಮನಿರಲಿ. ಮಟ್ಟಸ ನೆಲದಲ್ಲಿ ಮನೆಯುಳ್ಳ ಓದುಗ ಮಹಾಶಯರಲ್ಲಿ ಮಾತ್ರ ಒಂದು ಪ್ರಾರ್ಥನೆ. ದಯವಿಟ್ಟು ಹೊಸದನ್ನೇ ಕೊಳ್ಳಿ, ಫೋರ್ ವೀಲ್‌ನದ್ದನ್ನೇ ಕೊಳ್ಳಿ, ನೆರೆಯವರಿಗೆ ತೋರಿಸಿ. ಆಯಿಲನ್ನು ಹೊತ್ತಿಗೆ ಸರಿಯಾಗಿ ಬದಲಿಸಿ, ಒಣ ಶೆಡ್ಡಿನಲ್ಲಿಡಿ, ರಸೀದಿಗಳನ್ನು ಎತ್ತಿಡಿ. ಹತ್ತು ವರ್ಷ ಬಿಟ್ಟು ನಮ್ಮವರು ಟ್ರೈಲರ್ ಕಟ್ಟಿಕೊಂಡು ಬರುತ್ತಾರೆ. ಅವರು ಬರುವ ದಿನ ಎಂಜಿನ್ನನ್ನು ಮೊದಲೇ ಸ್ಟಾರ್ಟ್ ಮಾಡಿಡಬೇಡಿ.